ಕಳಿಸಿಕೊಡದೆ ಉಳಿದ ಅಣ್ಣ

ಐರ್ಲೆಂಡಿನ ಗಾಲ್ವೇಯಲ್ಲಿ ಬೆಳಿಗ್ಗೆ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕಡಲ ದಂಡೆಯಲ್ಲಿ ಆಗಬೇಕಿದ್ದ ನಮ್ಮ ಕನ್ನಡದವರ ಊಟ ನಮ್ಮ ಮನೆಯ ಹಾಲಿಗೆ ಬಂತು. ಉಂಡ ಮೇಲೆ ಶ್ರೀಲಕ್ಷ್ಮಿ ಹಾಡಲು ಕೂತು, ಗೆಳತಿ ಸಿಂಧುವಿನ ಅಪ್ಪ ರಾಮಲಿಂಗಪ್ಪನವರ ಮುಂದೆ ಮೃದಂಗ ಇಟ್ಟಳು. ಐವತ್ತು ವರ್ಷ ಮೃದಂಗ ನುಡಿಸಿ, ಈಗ ಮಗಳ ಜೊತೆ ಇಲ್ಲಿರುವವರು ಅವರು. ಮೃದಂಗವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಬೇಡಮ್ಮ. ನುಡಿಸೋದು ಬಿಟ್ಟು ಎರಡು ವರ್ಷ ಆಯ್ತು. ಯಾಕೆ ಅಂತೀರಾ? ಕೇಳಿ... ಆಮೇಲೆ ನಿದ್ದೆ ಬರ್ಲಿಲ್ಲ ಅಂತ ನನ್ನನ್ನ ಬೈಬೇಡಿ.

“ಈ ಊರಲ್ಲೇ ಒರೆಸ್ತೆಸ್ ಅಂತ ಇದ್ದ, ಕ್ಯೂಬಾದವನು, ರುಂಬಾ ಅಂತ ಅವರ ಹಾಡು-ಕುಣಿತಕ್ಕೆ ತಾಳ ಬಾರಿಸೋನು. ಅವನ ಮುತ್ತಾತಂದಿರು ಆಫ್ರಿಕಾದಿಂದ ಗುಲಾಮರಾಗಿ ಬಂದವ್ರು. ಚರ್ಮವಾದ್ಯ ಮುಟ್ಟಬಾರ್ದು ಅಂತ ಧಣಿಗಳು ಕಿತ್ಕೊಂಡ್ರೆ, ಮೀನು ತುಂಬೋ ಮರದ ಪೆಟ್ಟಿಗೆ ಮೇಲೆ ಕೂತು ಬಾರಿಸಿದ್ರಂತೆ. ಎಂಥಾ ಕೈ ಅಂತೀರಿ ಇವನದು! ನನಗಂತೂ ಹೊಟ್ಟೆಕಿಚ್ಚು. ಅಲ್ಲಿ ಕ್ಯೂಬಾದಲ್ಲಿ ಅವನ ಅಣ್ಣ ತೀರ್ಕೊಂಡ, ಇವನಿಗೆ ಹೋಗೋಕಾಗ್ಲಿಲ್ಲ. ಸತ್ತವರನ್ನ ಪೆಟ್ಟಿಗೆ ಬಾರಿಸಿ ಕರೆಯೋದು, ಮಾತಾಡ್ಸೋದು, ಆಮೇಲೆ ಹಾಡು ಹೇಳಿ ಕಳಿಸ್ಕೊಡೋದು ಅವರ ಪದ್ಧತಿ. ಒಂದು ಭಾನುವಾರ ಮಧ್ಯಾಹ್ನ ಅವನ ಮನೇಲಿ ಸ್ನೇಹಿತರೆಲ್ಲಾ ಕೂತ್ವಿ. ನನಗೂ ಒಂದು ಪೆಟ್ಟಿಗೆ ಕೊಟ್ಟ. ಕಳಿಸೋ ಹಾಡು ಮುಗಿಯೋವರ್ಗೂ ತಾಳ ನಿಲ್ಲಬಾರ್ದು ಅಂತ ಎರಡೆರಡು ಸಲ ಹೇಳ್ದ.

“ಬಂದ... ಅಣ್ಣ ಬಂದ. ಒರೆಸ್ತೆಸ್ ಹೆಂಡ್ತಿ ಯಮೀಲಾ ಕುಣೀತಿದ್ದೋಳು ಇದ್ದಕ್ಕಿದ್ದಂಗೆ ಬಲಗಾಲು ಎಳೆಯೋಕೆ ಶುರು ಮಾಡಿದ್ಲು. ಅಣ್ಣ ಕುಂಟ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಒರೆಸ್ತೆಸ್ ಬಾರಿಸ್ತಾನೇ ಅಳ್ತಾ ಮಾತಾಡಿಸ್ತಿದ್ದ. ನನಗೋ ಕೈ ಕಾದಿತ್ತು. ಐವತ್ತು ವರ್ಷದ ಚಾಳಿ ನೋಡಿ... ಕಚೇರಿ ರಂಗೇರ್ತಿದ್ದಂಗೆ ಕೈ ತಾನಾಗೇ ಮುಕ್ತಾಯಕ್ಕೆ ಹೋಯ್ತು. ಒಂದೇ ಸೊಲ್ಲು ಮೂರು ಸಲ, ಮೂರನೇದು ಸರಿಯಾಗಿ ಸಮಕ್ಕೆ... ಧೀಂ! ಎಲ್ಲರ ಕೈನೂ ನಿಂತ್ಹೋಯ್ತು. ಯಾರೋ ಐರಿಷ್ ಹುಡುಗಿ ಚಪ್ಪಾಳೆ ಬೇರೆ ತಟ್ಟಿದ್ಲು.

“ಒರೆಸ್ತೆಸ್ ಮತ್ತೆ ಶುರು ಮಾಡ್ದ, ಕಳಿಸೋ ಹಾಡು ಗಂಟಲು ಹರಿಯೋ ಹಂಗೆ ಹಾಡ್ದ. ಅಣ್ಣ ಹೋಗ್ಬೇಕಲ್ಲ? ಯಮೀಲಾ ಎರಡು ವರ್ಷ ಆ ಕಾಲು ಎಳ್ಕೊಂಡೇ ಓಡಾಡಿದ್ಲು, ಗಂಡನ್ನ ‘ತಮ್ಮಾ’ ಅಂತ ಕರೀತಾ. ತಪ್ಪು ನಂದು, ಶಿಕ್ಷೆ ಆ ಹೆಣ್ಣುಮಗಳಿಗೆ. ನನಗೇ ಬರಲಿ ಅಂತ ದಿನಾ ದೇವರ ಮುಂದೆ ಕೇಳ್ಕೊಂಡೆ.

“ಹೋದ ವಾರ ಒರೆಸ್ತೆಸ್ ಫೋನ್ ಮಾಡಿದ್ದ, ಈಗ ಕಾರ್ಕ್‌ನಲ್ಲಿದ್ದಾನೆ. ಯಮೀಲಾ ನೆಟ್ಟಗೆ ನಡೀತಾಳಂತೆ. ‘ಅಣ್ಣ ಹೋದ’ ಅಂತ ಸಂತೋಷಕ್ಕೆ ಅತ್ತ. ನಾನೂ ಇಲ್ಲಿಯವರ ಥರ ‘ಗ್ರ್ಯಾಂಡ್, ಗ್ರ್ಯಾಂಡ್’ ಅಂದೆ. ನಾನು ಬಲಗಾಲು ಎಳೆಯೋದು ನೋಡಿ, ಅಪ್ಪಂಗೆ ಮೊಣಕಾಲು ನೋವು ಅಂತ ಸಿಂಧು ನಾಳೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದಾಳೆ. ನಾನು ಹೂಂ ಅಂದಿದೀನಿ... ನೋವೇ ಇಲ್ಲ ಕಣ್ರಪ್ಪಾ.”