ಪಕ್ಕದ ಮನೆಯ ಗೋಡೆ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ ಕುಳಿತಿದ್ದರು. ಅವನ ಮೈಮೇಲೆ ಅಗ್ನಿಶಾಮಕ ದಳದ ಅಂಗಿ, ಅಂಗೈಗೆ ಬ್ಯಾಂಡೇಜು.

“ಪಕ್ಕದ ಮನೆ ಗೋಡೆ ಒಡೆದಿದ್ದೀಯಲ್ಲೋ, ತಲೆ ನೆಟ್ಟಗಿದೆಯಾ?”

“ಫೋನಲ್ಲಿ ಮನಸ್ಸಿಗೆ ಚಿಕಿತ್ಸೆ ಕೊಡ್ತಾರಲ್ಲ, ಆ ಡಾಕ್ಟರಮ್ಮನ್ನ ಕೇಳು! ಕಣ್ಣು ಮುಚ್ಚಿ, ಕಟ್ಟಡ ಕುಸಿದ ದಿನದ್ದು ಹೇಳಿ ಅಂದ್ರು. ಹೇಳ್ತಾ ಇದ್ದಾಗಲೇ ಲೈನ್ ಸತ್ತೋಯ್ತು.”

“ಅದಕ್ಕೆ ಗೋಡೆ ಒಡೀತಾರಾ?”

“ಜನರನ್ನ ಹುಡುಕುವಾಗ ನಾವೆಲ್ಲ ಉಸಿರು ಬಿಗಿಹಿಡಿದು ಸುಮ್ಮನಾಗ್ತೀವಿ ಅಕ್ಕ, ಒಳಗೆ ಸಿಕ್ಕಿಕೊಂಡೋರು ಬಡಿಯೋದು ಕೇಳ್ಲಿ ಅಂತ. ಫೋನಲ್ಲಿ ಡಾಕ್ಟರಮ್ಮ ಸುಮ್ಮನಾದ್ರು, ನಾನೂ ಸುಮ್ಮನಾದೆ. ಗೋಡೆ ಆಚೆ ಟಕ್ ಟಕ್ ಅಂತು. ಯಾರೋ ಸಿಕ್ಕಿಕೊಂಡಿದ್ದಾರೆ ಅಂತ ಒಡೆದುಬಿಟ್ಟೆ.”

“ಪಕ್ಕದ ಮನೆಯೋರು ಮೊಳೆ ಹೊಡೀತಿದ್ರಂತೆ, ಫೋಟೋ ಹಾಕೋಕೆ!”

“ಈಗ ಗೊತ್ತಾಯ್ತು! ನಡುದಾರೀಲಿ ಕೈಬಿಟ್ಟೋರ ಹತ್ರ ಇನ್ನು ಬಾಯೇ ಬಿಡಲ್ಲ.”

“ನಿನ್ನ ಮಗಳು ಹೆದರಿ ನಮ್ಮನೇಲಿ ಕೂತಿದ್ದಾಳೆ. ಅವಳು ವಾಪಸ್ ಬರ್ಬೇಕೋ, ಬೇಡ್ವೋ?”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

“ಆ ಡಾಕ್ಟರಮ್ಮನೇ.”

“ಎತ್ತು. ಬೈಯೋದಿದ್ರೆ ಅವರಿಗೇ ಬೈ.”

“ಮತ್ತೆ ಲೈನ್ ಹೋದ್ರೆ?”

“ನಾನಿಲ್ವಾ? ನನ್ನ ಬಾಯಿ ಯಾವತ್ತು ಸುಮ್ಮನಿತ್ತೋ?”

ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ. ಅವನು ಫೋನಿನಲ್ಲಿ ಬೈಯುತ್ತಾ ಮರದ ನೆರಳಿಗೆ ನಡೆದ. ಹಿಂದೆಯೇ ಅಕ್ಕ, ಅವನನ್ನು ಬೈಯುತ್ತಾ.