ಹನ್ನೆರಡು ದಿನ ಹಿಂದಿರುವ ದ್ವೀಪ

ಓಡಬೇಡಿ ಕ್ಲೈವ್ ಸಾಹೇಬರೇ, ಬೋಟು ಹೋಯ್ತು! ಅಗೋ, ಬಂಡೆ ದಾಟಿತು. ನಾಲ್ಕಕ್ಕೆ ಅಂದಿದ್ದೆನಾ? ಹೊರಡೋದು ಎರಡೂವರೆಗೇ. ಗೈಡ್ ಸುಳ್ಳು ಹೇಳಿದಳು ಅಂತ ದೂರು ಕೊಡಿ, ಹೋಗಿ... ಹೋಗೋದು ಹೇಗೆ? ಇನ್ನು ಮೂರು ದಿನ ಈ ಫೂಲಾ ದ್ವೀಪಕ್ಕೆ ಬೋಟೇ ಇಲ್ಲ!

ಇವತ್ತು ಪ್ರವಾಸಕ್ಕೆ ನೀವೊಬ್ಬರೇ ಯಾಕೆ ಅಂದುಕೊಂಡಿರಿ? ಪಟ್ಟೀಲಿ ನಿಮ್ಮ ಹೆಸರು ನೋಡಿದ್ದೇ ಉಳಿದವರಿಗೆ ಗಾಳಿ ಜೋರು ಅಂತ ಹೇಳಿ ಬರದ ಹಾಗೆ ಮಾಡಿದೆ. ನಾನು ಆಸ್ಲಾಳ ತಂಗಿ; ನೀವು ಬಂದಾಗ ನಾನು ಊರಲ್ಲಿರಲಿಲ್ಲ, ನನ್ನ ಮುಖ ನೋಡಿಲ್ಲ ನೀವು. ಹೂಂ, ಆ ಕೆಂಪು ಬಾಗಿಲ ಮನೆ ಆಸ್ಲಾ! ಇಪ್ಪತ್ತೆರಡು ವರ್ಷದ ಹಿಂದೆ ಕಡಲಹಕ್ಕಿ ಎಣಿಸೋಕೆ ಬಂದು, ‘ಯೂಲ್ ಹಬ್ಬಕ್ಕೆ ಬಂದು ಕರ್ಕೊಂಡು ಹೋಗ್ತೀನಿ’ ಅಂದಿರಲ್ಲ... ಅಂದೆಯಲ್ಲ! ಮರ್ಯಾದೆ ಸಾಕಿನ್ನು.

ಜನವರಿ ಆರು, ನಮ್ಮ ಯೂಲ್, ನಮ್ಮ ಕ್ರಿಸ್‌ಮಸ್. ಲೋಕ ಪಂಚಾಂಗ ಬದಲಾಯಿಸಿತು, ನಾವು ಬದಲಾಯಿಸದೆ ಹನ್ನೆರಡು ದಿನ ಹಿಂದೆ ಉಳಿದೆವು. ಒಣಗಿಸಿದ ಕುರಿಮಾಂಸದ ಸಾರು ಒಲೆ ಮೇಲಿಟ್ಟು, ಪೆಟ್ಟಿಗೆ ಹಿಡ್ಕೊಂಡು ಇದೇ ಕಟ್ಟೆ ಮೇಲೆ ನಿಂತಳು. ಬೋಟಿನಿಂದ ಟಪಾಲು ಇಳೀತು, ಕುರಿಮೇವು ಇಳೀತು. ನೀನು ಇಳೀಲಿಲ್ಲ. ಇವತ್ತಿಗೂ ಒಂಟಿ! ನಡಿ, ಮೂರು ದಿನ ಅವಳ ಅಡುಗೆಮನೇಲಿ ಕೂತು ಉತ್ತರ ಕೊಡು!

ಯಾಕೆ, ನಾಲಿಗೆ ಬಿದ್ದುಹೋಯ್ತಾ? ಬೆಳಗ್ಗೆ ಆಚೆ ದಡದ ಲರ್ವಿಕ್ ಪೇಟೇಲಿ ನನ್ನ ವ್ಯಾನ್ ಹತ್ತಿದಾಗಿಂದ ಒಂದು ಮಾತಿಲ್ಲ! ಏನಾದರೂ ಅನ್ನು... ನಿನ್ನ ಲೆಕ್ಕದಲ್ಲಿ ಯೂಲ್ ಅಂದ್ರೆ ಡಿಸೆಂಬರ್ ಇಪ್ಪತ್ತೈದು ಅನ್ನು! ಆವತ್ತು ಆಚೆ ದಡದವರೆಗೂ ಬಂದಿದ್ದೆ, ಸಮುದ್ರ ಕೆರಳಿ ಬೋಟು ಬಿಡಲಿಲ್ಲ, ಬೂತಿನಿಂದ ಫೋನ್ ಮಾಡಿದೆ ಅನ್ನು...

...ಅಯ್ಯೋ.

ಹಾಗೆ ನೋಡಬೇಡ. ಆವತ್ತು ಫೋನಲ್ಲಿ ಕೇಳಿದ ದನಿ ಗುರುತು ಸಿಕ್ಕಿತ್ತಾ? ಬೆಳಗ್ಗೆಯೇ? ಗೊತ್ತಿದ್ದೂ ಇಷ್ಟು ಹೊತ್ತು ಸುಮ್ಮನೆ ಕೂತಿದ್ದೆಯಾ?

ಹೌದು, ಫೋನ್ ಎತ್ತಿದ್ದು ನಾನು. ‘ಅವಳಿಗೆ ಮನಸ್ಸಿಲ್ಲ, ವಾಪಸ್ ಹೋಗು’ ಅಂದಿದ್ದೂ ನಾನೇ. ಅಮ್ಮ ಹಾಸಿಗೆ ಹಿಡಿದಿದ್ದಳು. ಆಸ್ಲಾ ಹೋದ್ರೆ ನಾನೊಬ್ಬಳೇ... ಹತ್ತೊಂಬತ್ತು ವರ್ಷ ನನಗೆ! ಆದರೆ ನೀನು? ಒಂದೇ ಮಾತಿಗೆ ತಿರುಗಿ ಹೋದೆಯಲ್ಲ! ಇನ್ನೊಂದು ಸಲ ಫೋನ್ ಮಾಡೋಕೆ ಏನಾಗಿತ್ತು ದಾಡಿ? ಮಾಡಿದ್ದಿದ್ರೆ ಅವಳನ್ನೇ ಕರೀತಿದ್ದೆ. ಕರೀತಿದ್ದೆ ಕಣೋ... ಫೋನಿನ ಪಕ್ಕದಲ್ಲೇ ಕೂತಿದ್ದೆ.

ಎಲ್ಲಿಗೆ? ಕ್ಲೈವ್! ನಿಲ್ಲು, ಆ ಕೆಂಪು ಬಾಗಿಲು ತಟ್ಟಬೇಡ. ಅವಳಿಗೆ ಹೇಳಬೇಡ... ಬೋಟಿಲ್ಲ ಕ್ಲೈವ್, ಮೂರು ದಿನ ಬೋಟಿಲ್ಲ. ನಾನೆಲ್ಲಿಗೆ ಹೋಗಲಿ?