ಬೀವರ್ ಒಡ್ಡಿನ ಹಳೇ ಕ್ಯಾಮೆರಾ ಕುರಿತು ಡಾರ್ಲಾ ನೀಮಿಸ್ಟೋ ಹೇಳಿಕೆ

ಡಾರ್ಲಾ ನೀಮಿಸ್ಟೋ, ಕೋಂ ವರ್ನನ್ ನೀಮಿಸ್ಟೋ, ವಯಸ್ಸು 57 ವರ್ಷ, ಉದ್ಯೋಗ ಶಾಲಾ ಬಸ್ ಓಡಿಸುವುದು, ವಾಸ ಜಲ್ಲಿಗುಂಡಿ ರಸ್ತೆ, ಹೆರಾನ್ ಲೇಕ್, ಮಿಷಿಗನ್ ರಾಜ್ಯ, ಆದ ನಾನು ಈ ದಿನ ಷೆರಿಫರ ಪೊಲೀಸ್ ಕಚೇರಿಗೆ ಯಾರೂ ಕರೆಯದೆ ನಾನಾಗಿಯೇ ಬಂದು, ಅಧಿಕಾರಿ ಲಾಂಗ್ಟಿನ್ ಅವರ ಎದುರು ಹೇಳಿ ಬರೆಸುತ್ತಿರುವುದು ಏನೆಂದರೆ:

ನಮ್ಮ ಎಂಬತ್ತು ಎಕರೆ ಕಾಡಿನೊಳಗೆ ಯಾರೋ ಅಪ್ಪಣೆಯಿಲ್ಲದೆ ನುಗ್ಗುತ್ತಿದ್ದಾರೆ, ಬೂಟಿನ ಗುರುತು ಸಿಕ್ಕಿದೆ ಎಂದು ನನ್ನ ಗಂಡ ವರ್ನ್ ಅಕ್ಟೋಬರ್‌ನಲ್ಲಿ ಇದೇ ಕಚೇರಿಗೆ ದೂರು ಕೊಟ್ಟಿದ್ದರು. ನನ್ನ ಹೇಳಿಕೆ ಆ ದೂರಿಗೆ ಸಂಬಂಧಪಟ್ಟಿದ್ದು.

ಜಿಂಕೆ ಬೇಟೆಯ ಕಾಲ ಇದೇ ಶನಿವಾರ ಶುರು. ದೊಡ್ಡ ಕೊಂಬಿನ ಗಂಡು ಯಾವ ದಾರಿಯಲ್ಲಿ ಓಡಾಡುತ್ತದೆ ಎಂದು ತಿಳಿಯಲು ನಮ್ಮೂರಿನವರು ಬೇಸಿಗೆಯಿಂದಲೇ ಮರಗಳಿಗೆ ಕ್ಯಾಮೆರಾ ಕಟ್ಟುತ್ತಾರೆ. ಎದುರಿಗೆ ಏನಾದರೂ ಅಲುಗಾಡಿದರೆ ಅದು ತಾನೇ ಫೋಟೋ ತೆಗೆಯುತ್ತದೆ. ಯಾವ ಮರಕ್ಕೆ ಕಟ್ಟಿದ್ದೇನೆಂದು ಯಾರೂ ಯಾರಿಗೂ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಎಷ್ಟಿದೆ ಎಂದಾದರೂ ಹೇಳಿಯಾರು, ಮರ ಮಾತ್ರ ಹೇಳುವುದಿಲ್ಲ. ವರ್ನ್ ಹೆಂಡತಿಯಾದ ನನಗೂ ಹೇಳಿರಲಿಲ್ಲ. ನನ್ನ ತಮ್ಮ ರಸೆಲ್ ಮಾಕೆಲಾ ಎದುರು ನನ್ನ ಬಾಯಿ ನಿಲ್ಲುವುದಿಲ್ಲ ಎಂಬುದು ಅವರ ಗುಮಾನಿ. ಒಂದು ಜಿಂಕೆಯನ್ನು ಹೊಡೆದವರು ಯಾರು ಎಂಬ ಜಗಳದಲ್ಲಿ ಅವರಿಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಾರೆ. ಆ ಜಿಂಕೆಯ ತಲೆ ನಮ್ಮ ಮನೆಯ ಗೋಡೆಯ ಮೇಲಿದೆ. ಅದರ ಧೂಳು ಒರೆಸುವವಳು ನಾನು.

ಮೂರು ಚಳಿಗಾಲ ಕಂಡ ಕ್ಯಾಮೆರಾ ಸತ್ತ ಹಾಗೇ ಎನ್ನುವುದು ವರ್ನ್ ಅವರ ಮಾತು. ಆದ್ದರಿಂದ ಪ್ರತಿ ವರ್ಷ ಮನೆಗೆ ಒಂದು ಹೊಸದು ಬರುತ್ತದೆ. ಈ ವರ್ಷದ್ದು ಫೋಟೋವನ್ನು ಫೋನಿಗೇ ಕಳಿಸುವ ಜಾತಿಯದು. ಅವರ ಫೋನ್ ಹಳೆಯದಾದ್ದರಿಂದ ನನ್ನ ಫೋನಿಗೆ ಜೋಡಿಸಿಕೊಟ್ಟಿದ್ದರು.

ದಿನಾಂಕ 11ರ ಮಂಗಳವಾರ ಬೆಳಿಗ್ಗೆ 7.30ಕ್ಕೆ ವರ್ನ್ ಆ ಹೊಸ ಕ್ಯಾಮೆರಾ ಮತ್ತು ಬ್ಯಾಟರಿಗಳನ್ನು ಚೀಲಕ್ಕೆ ಹಾಕಿಕೊಂಡು ಟ್ರಕ್ಕಿನಲ್ಲಿ ಹೊರಟರು. ಹಳೆಯವಕ್ಕೆ ಬ್ಯಾಟರಿ ಬದಲಿಸಿ, ಹೊಸದನ್ನು ಹೊಸ ಜಾಗಕ್ಕೆ ಕಟ್ಟಿ, ಮಧ್ಯಾಹ್ನ ಊಟಕ್ಕೆ ಬರುವುದಾಗಿ ತಿಳಿಸಿದರು. ಯಾವ ಜಾಗ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ.

ಒಂದು ಗಂಟೆಯಾದರೂ ಬರಲಿಲ್ಲ. ಒಲೆಯಲ್ಲಿದ್ದ ಮಾಂಸದ ಕಡುಬಿನ ಅಂಚು ಕರಿಯಾಯಿತು. ಕಾಡಿಗೆ ಹೋಗುವಾಗ ಅವರು ಟ್ರಕ್ ನಿಲ್ಲಿಸುವ ಜಲ್ಲಿಗುಂಡಿಗೆ ನಾನು ಹೋಗಿ ನೋಡಿದಾಗ ಟ್ರಕ್ ಅಲ್ಲಿತ್ತು, ಎಂಜಿನ್ ತಣ್ಣಗಾಗಿತ್ತು, ಸೀಟಿನ ಮೇಲೆ ಅವರ ಫೋನ್ ಇತ್ತು. ಹಾರ್ನ್ ಬಾರಿಸಿದೆ, ಕೂಗಿದೆ. ಅಲ್ಲಿಂದ ನದಿಗೆ, ಹಳೇ ರೈಲುದಾರಿಗೆ, ನಮ್ಮ ಕಾಡಿನ ಹಿಂಭಾಗದಲ್ಲಿ ಬೀವರ್ ಪ್ರಾಣಿಗಳು ಕೊಂಬೆ ಮಣ್ಣಿನ ಒಡ್ಡು ಕಟ್ಟಿ ನಿಲ್ಲಿಸಿದ ಕೆರೆಗೆ, ಹೀಗೆ ಮೂರು ಕಾಲುದಾರಿಗಳಿವೆ. ಹಿಮ ಇನ್ನೂ ಬಿದ್ದಿಲ್ಲ, ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದೆ, ಹೆಜ್ಜೆ ಮೂಡುವುದಿಲ್ಲ. 1.20ಕ್ಕೆ ಈ ಕಚೇರಿಗೆ ಫೋನ್ ಮಾಡಿದೆ.

ಅಧಿಕಾರಿ ಲಾಂಗ್ಟಿನ್ ಮತ್ತು ಊರಿನ ಅಗ್ನಿಶಾಮಕ ತಂಡದವರು ಮೊದಲು ನದಿ ಕಡೆ ಹುಡುಕಿ, ಏನೂ ಸಿಗದೆ, 3 ಗಂಟೆಗೆ ಅಗ್ನಿಶಾಮಕ ಠಾಣೆಗೆ ಮರಳಿದರು. ಕತ್ತಲಾಗಲು ಎರಡೂಕಾಲು ಗಂಟೆ ಉಳಿದಿತ್ತು. ಆ ಕಾಡಿನಲ್ಲಿ ಯಾರ್‍ಯಾರ ಕ್ಯಾಮೆರಾಗಳಿವೆ, ಯಾವುದರಲ್ಲಾದರೂ ವರ್ನ್ ಫೋಟೋ ಬಿದ್ದಿರಬಹುದಲ್ಲ ಎಂದು ಅಧಿಕಾರಿಗಳು ವಿಚಾರಿಸಿದರು. ಹದಿನಾಲ್ಕು ಜನ ಗಂಡಸರು ತಮ್ಮ ಕಾಫಿ ಲೋಟದೊಳಗೆ ನೋಡುತ್ತ ನಿಂತರು. ನಾನು ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಬೇಕು:

"ನಾಳೆ ಅವರ ಹೆಣ ಹೊರೋಕೆ ಹೆಗಲು ಕೊಡೋಕೆ ಬರ್ತೀರಿ. ಇವತ್ತು ಒಂದು ಮರ ತೋರ್ಸೋಕೆ ಆಗಲ್ವಾ ನಿಮ್ಗೆ?"

ಆಮೇಲೆ ಒಬ್ಬೊಬ್ಬರಾಗಿ ಬಂದು ನಕ್ಷೆಯ ಮೇಲೆ ಗುರುತು ಹಾಕಿದರು. ಅರ್ಧದಷ್ಟು ಗುರುತುಗಳು ಬೇರೆಯವರ ಜಮೀನಿನಲ್ಲಿದ್ದವು. ಹತ್ತಿರದವನ್ನು ಓಡಿಹೋಗಿ ತಂದರು. ಒಂದರ ಬ್ಯಾಟರಿ ಚಳಿಗೆ ಸತ್ತಿತ್ತು. ಒಂದನ್ನು ಕರಡಿ ಅಗಿದಿತ್ತು. ಒಂದರಲ್ಲಿ ಗಾಳಿಗೆ ತೂಗುವ ಜರಿಗಿಡದ ಫೋಟೋಗಳೇ ತುಂಬಿ ಸೆಪ್ಟೆಂಬರ್‌ನಲ್ಲೇ ನಿಂತುಹೋಗಿತ್ತು. ಒಂದರಲ್ಲಿ ವರ್ನ್ ಇದ್ದರು, ಆದರೆ ಅದು ಅಕ್ಟೋಬರ್‌ನ ಫೋಟೋ.

ನನ್ನ ತಮ್ಮ ರಸೆಲ್ ಬಾಗಿಲ ಬಳಿಯೇ ನಿಂತಿದ್ದವನು ಕೊನೆಗೆ ಬಂದು, ನಕ್ಷೆಯಲ್ಲಿ ನಮ್ಮ ಜಮೀನಿನೊಳಗೆ, ಬೀವರ್ ಒಡ್ಡಿನ ಪಕ್ಕದ ಮರದ ಮೇಲೆ ಬೆರಳಿಟ್ಟ. ನಾನು ಅವನ ಮುಖ ನೋಡಿದೆ. ಅವನು ನೋಡಲಿಲ್ಲ. ಅಧಿಕಾರಿಗಳ ಜೊತೆ ಹೋಗಿ 3.50ಕ್ಕೆ ಅದನ್ನು ತಂದ. ಹನ್ನೆರಡು ವರ್ಷದ ಹಳೇ ಡಬ್ಬ, ಮುಚ್ಚಳಕ್ಕೆ ಟೇಪು ಸುತ್ತಿತ್ತು.

ಅದರಲ್ಲಿ ವರ್ನ್ ಇದ್ದರು. ಬೆನ್ನಿಗೆ ಚೀಲ, ತಲೆಗೆ ಕಿತ್ತಳೆ ಟೋಪಿ, ಒಡ್ಡಿನ ಮೇಲೆ ಆಚೆ ದಡಕ್ಕೆ ಹೋಗುತ್ತಿದ್ದರು. ಫೋಟೋದಲ್ಲಿ ಬೆಳ್ಳನೆಯ ಹಗಲು. ಕೆಳಗೆ ಮೂಡಿದ್ದ ಸಮಯ 2013ನೇ ಇಸವಿ ಜನವರಿ 2, ರಾತ್ರಿ 10.50. ಯಾರೋ ನಕ್ಕರು. ಇದು ಯಾವ ದಿನದ್ದೂ ಆಗಿರಬಹುದು, ಇದನ್ನು ನಂಬಿ ಎಲ್ಲರನ್ನೂ ಅಲ್ಲಿಗೆ ಕಳಿಸಲಾಗದು ಎಂದು ಅಧಿಕಾರಿಗಳು ಹೇಳಿದರು. ಬ್ಯಾಟರಿ ತೆಗೆದರೆ ಆ ಕ್ಯಾಮೆರಾಕ್ಕೆ ಗಡಿಯಾರ ಮರೆತುಹೋಗುತ್ತದೆ, ಮತ್ತೆ ಹಾಕಿದಾಗ ಜನವರಿ 1 ಶುರುವಾಗುವ ನಡುರಾತ್ರಿಯಿಂದ ಎಣಿಸಲು ಶುರುಮಾಡುತ್ತದೆ, ತಾನು ಸರಿಪಡಿಸುವ ಗೋಜಿಗೆ ಹೋಗುವುದಿಲ್ಲ ಎಂದು ರಸೆಲ್ ತಿಳಿಸಿದ. ಹಾಗಾದರೆ ಬ್ಯಾಟರಿ ಹಾಕಿದ್ದು ಯಾವಾಗ ಎಂದು ನಾನು ಕೇಳಿದೆ.

ಅದರ ಉತ್ತರವೇ ಅಕ್ಟೋಬರ್‌ನ ದೂರಿಗೂ ಉತ್ತರವೆಂದು ರಸೆಲ್‌ಗೆ ಗೊತ್ತಿತ್ತು. ದೂರು ಬರೆದುಕೊಂಡಿದ್ದ ಅಧಿಕಾರಿ ಲಾಂಗ್ಟಿನ್ ಅವರೇ ಪಕ್ಕದಲ್ಲಿದ್ದರು.

"ಭಾನುವಾರ, ಅಕ್ಕ. ನೀವಿಬ್ರೂ ಒಂಬತ್ತು ನಲವತ್ತಕ್ಕೆ ಚರ್ಚಿಗೆ ಹೊರಡ್ತೀರಲ್ಲ, ಆಗಲೇ ನಾನು ಒಳಗೆ ಬರೋದು. ಎಲ್ಲಾ ಭಾನುವಾರಾನೂ. ಮೊನ್ನೆ ಮುಚ್ಚಳ ಹಾಕ್ತಿದ್ದಾಗ ಚರ್ಚಿನ ಗಂಟೆ ಹೊಡೀತು."

ಚರ್ಚಿನ ಗಂಟೆ ಹೊಡೆಯುವುದು ಸರಿಯಾಗಿ ಹತ್ತಕ್ಕೆ. ನಾನು ಬಸ್ಸಿನ ವೇಳೆಯ ಮೇಲೆ ಬದುಕುವವಳು, ಅಲ್ಲಿಯೇ ಬೆರಳು ಮಡಚಿದೆ. ಭಾನುವಾರ ಹತ್ತರಿಂದ ಎರಡು ದಿನ ತುಂಬಿದರೆ ಮಂಗಳವಾರ ಹತ್ತು, ಕ್ಯಾಮೆರಾದ ಲೆಕ್ಕದಲ್ಲಿ ಜನವರಿ 2 ಮುಗಿಯುವ ನಡುರಾತ್ರಿ. ಫೋಟೋ ಅದಕ್ಕೆ ಎಪ್ಪತ್ತು ನಿಮಿಷ ಮುಂಚಿನದು. ಅಂದರೆ ಅದೇ ದಿನ ಬೆಳಿಗ್ಗೆ 8.50. ಆಮೇಲಿನ ಫೋಟೋಗಳಲ್ಲಿ ಒಂದು ಹೆಣ್ಣು ಜಿಂಕೆ, ಕೊನೆಯದರಲ್ಲಿ ಕ್ಯಾಮೆರಾ ಬಿಚ್ಚಲು ಬಂದ ರಸೆಲ್‌ನ ಮೂತಿ. ವರ್ನ್ ವಾಪಸು ಬಂದಿದ್ದು ಇರಲಿಲ್ಲ. ಇಷ್ಟು ಹಳೇ ಕ್ಯಾಮೆರಾ ಅವರನ್ನು ತಪ್ಪಿಸಿರಲೂಬಹುದಲ್ಲ ಎಂದು ಅಧಿಕಾರಿಗಳು ಕೇಳಿದರು. ತಪ್ಪಿಸಿರಬಹುದು ಎಂದು ರಸೆಲ್ ಒಪ್ಪಿಕೊಂಡ, ಒಪ್ಪಿಕೊಳ್ಳುತ್ತಲೇ ಕೋಟು ಹಾಕಿಕೊಂಡು ಹೊರಗೆ ನಡೆದ. ನಾನೂ ಉಳಿದವರೂ ಅವನ ಹಿಂದೆ ಹೊರಟೆವು.

4.45ಕ್ಕೆ, ಒಡ್ಡಿನ ಆಚೆ ಅರ್ಧ ಮೈಲಿ ದೂರದಲ್ಲಿ, ಸೀಡರ್ ಮರಗಳ ಜೌಗಿನಲ್ಲಿ ವರ್ನ್ ಸಿಕ್ಕರು. ಬೇಟೆಯ ಅಟ್ಟಣೆಯ ಏಣಿ ಮುರಿದು ಬಿದ್ದು ಸೊಂಟದ ಮೂಳೆ ಒಡೆದಿತ್ತು. ಬಟ್ಟೆ ಒದ್ದೆಯಾಗಿ ಮೈಮೇಲೆಯೇ ಹೆಪ್ಪುಗಟ್ಟುತ್ತಿತ್ತು. ತುಟಿ ನೀಲಿಯಾಗಿತ್ತು. ಎದುರಿನ ಮರದಲ್ಲಿ, ಆ ಬೆಳಿಗ್ಗೆಯಷ್ಟೇ ಕಟ್ಟಿದ ಹೊಸ ಕ್ಯಾಮೆರಾ ಅವರನ್ನೇ ನೋಡುತ್ತಿತ್ತು. ನಾನು ಬಗ್ಗಿದಾಗ ಅವರು ಕೇಳಿದ್ದು ಒಂದೇ ಮಾತು.

"ಫೋಟೋ ಬಂದ್ವಾ?"

ಬಂದವು ಎಂದೆ. ಅದು ಸುಳ್ಳು. ಆ ಜೌಗಿನಲ್ಲಿ ಸಿಗ್ನಲ್ ಇಲ್ಲ, ನನ್ನ ಫೋನಿಗೆ ಒಂದೂ ಬಂದಿರಲಿಲ್ಲ. ಇದು ಸತ್ಯ ಹೇಳುವ ಕಾಗದವಾದ್ದರಿಂದ ಇದನ್ನೂ ಬರೆಸಿದ್ದೇನೆ.

ಅಧಿಕಾರಿಗಳು ಎರಡೂ ಕ್ಯಾಮೆರಾಗಳನ್ನು ವಶಕ್ಕೆ ಪಡೆದರು. ಆಂಬುಲೆನ್ಸ್ ಮುಖ್ಯರಸ್ತೆಗೆ ಬಂದಾಗ, ಹಿಂದಿನ ಪೊಲೀಸ್ ಕಾರಿನಲ್ಲಿದ್ದ ಹೊಸ ಕ್ಯಾಮೆರಾಕ್ಕೆ ಸಿಗ್ನಲ್ ಸಿಕ್ಕಿತು. ನನ್ನ ಜೇಬಿನಲ್ಲಿ ಫೋನ್ ನಡುಗಲು ಶುರುವಾಯಿತು, ಆಸ್ಪತ್ರೆ ತಲುಪುವವರೆಗೂ ನಿಲ್ಲಲಿಲ್ಲ. ಇನ್ನೂರಕ್ಕೂ ಹೆಚ್ಚು ಫೋಟೋಗಳು. ಮೊದಲಿನವುಗಳಲ್ಲಿ ವರ್ನ್ ಟೋಪಿ ತೆಗೆದು ಬೀಸುತ್ತಿದ್ದಾರೆ. ಆಮೇಲೆ ಬರೀ ಕೈ. ಆಮೇಲೆ ನೆಲದ ಮೇಲಿಟ್ಟ ಕೈಯ ಬೆರಳುಗಳು. ಕೊನೆಯದರಲ್ಲಿ ರಸೆಲ್ ತನ್ನ ಕೋಟು ಬಿಚ್ಚಿ ಅವರ ಮೇಲೆ ಹೊದಿಸುತ್ತಿದ್ದಾನೆ. ಆಂಬುಲೆನ್ಸಿನಲ್ಲಿ ನಾನು ಅತ್ತೆ.

ನಿನ್ನೆ ಆಸ್ಪತ್ರೆಯಲ್ಲಿ ವರ್ನ್ ಅವರಿಗೆ ಅವರು ಹೋದ ದಾರಿ ತೋರಿಸಿಕೊಟ್ಟ ಕ್ಯಾಮೆರಾ ಯಾವುದೆಂದು ತಿಳಿಸಿದೆ. ಅವರು ರಸೆಲ್‌ನನ್ನು ಕಳ್ಳ ಎಂದು ಬೈದರು. ಎಷ್ಟು ವರ್ಷದಿಂದ ಅಲ್ಲಿ ಕಟ್ಟಿದ್ದಾನಂತೆ ಎಂದು ಕೇಳಿದರು. ಆರು ಎಂದೆ. ಆಮೇಲೆ ತಮ್ಮ ಚೀಲದಲ್ಲಿ ಉಳಿದ ಹೊಸ ಬ್ಯಾಟರಿಗಳನ್ನು ಅವನಿಗೆ ಕೊಡುವಂತೆ ಹೇಳಿದರು.

ಆದ್ದರಿಂದ ಅಕ್ಟೋಬರ್‌ನ ದೂರನ್ನು ಮುಂದುವರಿಸುವ ಇಚ್ಛೆ ನಮಗಿಲ್ಲ. ವಶದಲ್ಲಿರುವ ಹಳೇ ಕ್ಯಾಮೆರಾವನ್ನು ಶನಿವಾರದೊಳಗೆ ರಸೆಲ್‌ಗೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ. ವರ್ನ್ ಇನ್ನೂ ಆಸ್ಪತ್ರೆಯಲ್ಲಿರುವುದರಿಂದ ಬರುವ ಭಾನುವಾರ ನಾನೊಬ್ಬಳೇ ಚರ್ಚಿಗೆ ಹೋಗುತ್ತೇನೆ. ಎಂದಿನಂತೆ ಒಂಬತ್ತು ನಲವತ್ತಕ್ಕೆ ಹೊರಡುತ್ತೇನೆ. ಗೇಟಿಗೆ ಬೀಗ ಹಾಕುವುದಿಲ್ಲ. ಇದನ್ನು ನನ್ನ ತಮ್ಮನಿಗೆ ಪೊಲೀಸರು ತಿಳಿಸಿದರೆ ನನ್ನ ಆಕ್ಷೇಪಣೆ ಇಲ್ಲ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ; ಒಂದು ಕಡೆ ಸುಳ್ಳಾಡಿದ್ದೂ ನಿಜವೇ.

ಸ್ಥಳ: ಹೆರಾನ್ ಲೇಕ್
ದಿನಾಂಕ: 13 ನವೆಂಬರ್, ಗುರುವಾರ
ಸಹಿ: ಡಾರ್ಲಾ ನೀಮಿಸ್ಟೋ